ಏಳು ದಿನ ಬಂದ್

ಹಲಗಿ ಮ್ಯಾಲೆ ಖಡುವಿನಿಂದ ಬರದೆ:
ಖಾನಾವಳಿ ಏಳು ದಿನ ಬಂದ್.
ಕಾರಣ ಬರೀಲಿಲ್ಲ.
ಕಮರಿಪೇಟಿ ಮಂದಿ ಬೆಳಗಾಗೂದ್ರಾಗ
ತಾವ ಬರಕೊಂಡ್ರು:
ಯಾರೋ ತೀರಿಕೊಂಡಾರ ಅಂತ ಒಬ್ಬಾಂವ,
ರೇಡ್ ಆಗೈತಿ ಅಂತ ಇನ್ನೊಬ್ಬಾಂವ.

ಗಲ್ಲಾದ ಹಿಂದ ಒಂದು ಚಿತ್ರ ಇತ್ತು.
ದುರ್ಗದಬೈಲಿನ್ಯಾಗ, ಲಗ್ನ ಆದ ವರ್ಷ,
ಹದಿನಾಲ್ಕು ರೂಪಾಯಿಗೆ ತಂದದ್ದು.
ಹಿಮದ ಗುಡ್ಡ, ಕೆಳಗ ನೀಲಿ ಕೆರಿ,
ಕೆರ್ಯಾಗ ಒಂದು ಕೆಂಪು ದೋಣಿ.
ಒಂದು ದಿನ ಇಲ್ಲಿಗೆ ಹೋಗೂಣು, ಅಂದಿದ್ದೆ.
ಆಗ ಅಂಬೂಬಾಯಿಗೆ ಹತ್ತೊಂಬತ್ತು.

ಒಂದು ವರ್ಷ ತಂಗಿ ಲಗ್ನ,
ಒಂದು ವರ್ಷ ಛತ್ತು ಸೋರಿ,
ಒಂದು ವರ್ಷ ಪಾಸ್‌ಪೋರ್ಟಿನ್ಯಾಗ
ಗಣಪತಸಾ ಹೋಗಿ ಗಣಪತ್ ಶಾ ಆಗಿ.
ಅಷ್ಟರಾಗ ಒಗ್ಗರಣಿ ಹೊಗಿ
ಮೊದಲು ಹಿಮಾ ತಿಂತು, ಆಮ್ಯಾಲೆ ಗುಡ್ಡಾ.
ದೋಣಿ ಅಷ್ಟ ಉಳೀತು,
ಕರೀ ನೀರಾಗ, ಎಣ್ಣಿ ಕುಡದು.

ಕೊಪ್ಪೀಕರ್ ರೋಡಿನ ಟಿಕೀಟಿನ ಹುಡುಗ
ಚಿತ್ರಾ ತಿರುವಿ ತಿರುವಿ ನೋಡಿ
ಯಾವೂರಂತ ಹೇಳಾಕಾಗೂದಿಲ್ಲ ಕಾಕಾ,
ಸ್ವಿಟ್ಜರ್‌ಲ್ಯಾಂಡ್ ಅಂತ ಬರಕೋತೀನಿ, ಅಂದ.
ಬರಕೋ, ಅಂದೆ.
ಮೂವತ್ನಾಲ್ಕು ವರ್ಷದ ಮಾತು,
ಎಲ್ಲ್ಯರ ಒಂದು ಕಡೆ ಮುಟ್ಟಬೇಕಲ್ಲ.

ಕೆರಿ ಸಿಕ್ತು. ದೋಣೀನೂ ಇದ್ವು, ಬಿಳೇವು.
ಅಂಬು ದಂಡಿ ಮ್ಯಾಲೆ ನಿಂತು
ಶಾಲು ಕಿವಿ ತನಕ ಎಳಕೊಂಡು
ಉಣಕಲ್ ಕೆರೀಗಿಂತ ದೊಡ್ಡದ ಐತಿ ಬಿಡ್ರಿ, ಅಂದ್ಲು.
ಆಮ್ಯಾಲೆ ಅಂಗೈ ಮೂಸಿ ನೋಡಿಕೊಂಡ್ಲು.
ಏನೂ ವಾಸನಿನ ಇಲ್ಲ,
ಯಾರದೋ ಕೈ ಇದ್ದಂಗ ಐತಿ.

ಮಧ್ಯಾಹ್ನ ಹೋಟೆಲಿನ್ಯಾಗ
ನಮ್ಮ ಲಗ್ನದ ದಿನ ಅಂತ ಹೆಂಗೋ ಗೊತ್ತಾಗಿ
ಮೇಣಬತ್ತಿ ಹಚ್ಚಿ, ಎದುರಾಬದುರಾ ಕುಂದರಿಸಿದ್ರು.
ಎರಡೂ ತಾಟು ಒಮ್ಮೆಗೇ ಬಂದ್ವು.
ನಾ ಏಳಾಕ ಹ್ವಾದೆ,
ಯಾರಿಗೆ ಏನು ಬೇಕು ನೋಡಾಕ.
ಕುಂದರ್ರಿ, ಅಂದ್ಲು.
ಕುಂತೆ.

ಸಾವಿರಾರು ಮಂದಿ ಉಣ್ಣೂದು ನೋಡೀನಿ ನಾ.
ಕೋರ್ಟಿನ ಬೇಲಿಫ್ ಮೊದಲು ಎಲುವಾ ಹೀರ್ತಾನ.
ವರ್ಕ್‌ಶಾಪಿನ ಫಿಟ್ಟರಗ ಎರಡನೇ ರೊಟ್ಟಿ ಕಡಕ ಬೇಕು.
ಮೀಸಿ ಜಮಾದಾರ ಖೀಮಾ ಉಂಡಿ ಒಡದು
ನಟ್ಟನಡುವ ಲಿಂಬಿ ಹಿಂಡ್ತಾನ.
ಇಕಿ ಉಣ್ಣೂದು ನೋಡಿರಲಿಲ್ಲ.
ನಾಲ್ಕು ಗಂಟೇಕ್ಕ, ಬಾಗಲಾ ಮುಂದ ಮಾಡಿ,
ಒಲೀ ಕಡೆ ಮಾರಿ ಮಾಡಿ,
ಬೋಗಾಣ್ಯಾಗ ಉಳದಿದ್ದು.
ನಾ ಆಗ ರೊಕ್ಕಾ ಎಣಸ್ತಿದ್ದೆ.

ಬಲಗಡೆ ಅಗಿಯೂದ ಇಲ್ಲ ಆಕಿ.
ಯಾಕ, ಅಂದೆ.
ದವಡಿಹಲ್ಲು ಎರಡು ಇಲ್ಲಲ್ರಿ.
ಯಾವಾಗ?
ಆತಲ್ಲ ಆರು ವರ್ಷ. ನೀವ ರೊಕ್ಕಾ ಕೊಟ್ಟಿದ್ರಿ.
ಗಿರಾಕಿ ಭಾಳ ಇದ್ರು ಅವತ್ತು.

ಕೊಟ್ಟಿದ್ದೆ. ನೆನಪೈತಿ.
ಐದುನೂರಿನ ನೋಟು, ಒಂದು ತುದಿ ಹರದಿತ್ತು.
ಹರದದ್ದು ದಾಟಿ ಹೋತಲ್ಲ ಅಂತ
ಹಿಗ್ಗಿದ್ದೂ ನೆನಪೈತಿ.

ಆಕಿ ಹಿಂದಿನ ಕಿಟಕ್ಯಾಗ
ಗುಡ್ಡಾ ಭಾಳ ಚಂದ ಕಾಣತಿತ್ತಂತ.
ನಾ ಆಮ್ಯಾಲೆ ಫೋಟೋದಾಗ ನೋಡಿದೆ.
ಮೂವತ್ನಾಲ್ಕು ವರ್ಷ ಒಂದ ಗಲ್ಲಾ ಕಾದಾಂವ
ಅವತ್ತು ಇನ್ನೊಂದು ಗಲ್ಲಾ ನೋಡ್ಕೋತ ಕುಂತಿದ್ದೆ.
ಎಡಕ್ಕಷ್ಟ ಉಬ್ಬತಿತ್ತು. ತಗ್ಗತಿತ್ತು.
ಮೇಣಬತ್ತಿ ಕರಗಿ ಅರಿವಿಗೆ ಅಂಟಿತು.
ಯಾಕ ಉಣವಲ್ರಿ, ಅಂದ್ಲು, ತಣ್ಣಗಾಗತೈತಿ.

ಎಂಟನೇ ದಿನ ಹಲಗಿ ಒರಸಿದೆ.
ಬೇಲಿಫ್ ಎಲುವಾ ಹೀರಿ, ಕೈ ತೊಳಕೊಂಡು, ಬಂದು ನಿಂತ:
ಏನ್ರಿ ಗಣಪತಸಾ, ಹೆಂಗಿತ್ತು ಫಾರಿನ್?
ನಾ ಚಿಲ್ಲರಾ ಎಣಿಸಿದೆ.
ತಪ್ಪಿತು. ಮತ್ತ ಎಣಿಸಿದೆ.

ಒಳಗಿಂದ, ಒಗ್ಗರಣಿ ಚುರ್ರ್ ಅನ್ನೂದ್ರಾಗ,
ಆಕೀನ ಕೂಗಿದ್ಲು:
ಉಪ್ಪು ಕಮ್ಮಿ ಅಂತ ಹೇಳ್ರಿ.